ಅಸ್ಥಿಯ ಸಾಕ್ಷ್ಯ

ನಂಜನಗೂಡನ್ನು ದಾಟಿ ಬರುವ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುವುದು. ಈ ಸಂಗಮದ ಮಹಿಮೆಯು ನಾಡಿಗೆಲ್ಲ ತಿಳಿದದ್ದೇ ಆಗಿದೆ. ಆದರೆ ದೇವಾಲಯಗಳು ಏಳುವುದಕ್ಕೆ ಬಹಳ ಹಿಂದೆಯೇ ಇಲ್ಲಿ ಜನರು ನೆಲಸಿದ್ದರು. 1959ರಿಂದ 1965ರ ವರೆಗಿನ ಅವಧಿಯಲ್ಲಿ ಡಾ. ಎಂ. ಶೇಷಾದ್ರಿಯವರು ನಡೆಯಿಸಿದ ಉತ್ಖನನಗಳಲ್ಲಿ ನವಶಿಲಾಯುಗದ ಕಲ್ಗೊಡಲಿಗಳೂ ಮಡಕೆಗಳೂ ಮಾನವಾಸ್ಥಿಗಳೂ ದೊರೆತುವು.

ಆ ಜನರು ಬಾಳಿದುದು ಯಾವ ಕಾಲದಲ್ಲಿ? ಅವರು ಶಾಸನವನ್ನು ಬರೆಯಿಸಲಿಲ್ಲ, ನಾಣ್ಯವನ್ನು ಟಂಕಿಸಲಿಲ್ಲ. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆಯಿಸಿದ ಮಾರ್ಟಿಮರ್ ವೀಲರರು ಮಣ್ಣಿನ ಪದರಗಳನ್ನು ನೋಡಿ, ಅಲ್ಲಿಯ ಕಲ್ಗೊಡಲಿಯ ಸಂಸ್ಕೃತಿಯು ಕ್ರಿ.ಪೂ. ಒಂದನೆಯ ಸಹಸ್ರಮಾನದ ಆದಿಯಲ್ಲಿ ಮೊದಲಾಯಿತೆಂದು ಊಹಿಸಿದ್ದರು. ಈ ಊಹೆಯನ್ನು ಒರೆಗೆ ಹಚ್ಚಿದುದು ಪರಮಾಣುವಿಜ್ಞಾನ.

ಅದರ ಮೂಲತತ್ತ್ವವನ್ನು ತಿಳಿಯಬೇಕಾದರೆ ಎಲುಬಿನ ಸ್ವಭಾವವನ್ನು ಅರಿಯಬೇಕು. ಎಲುಬು ಮನೆಯ ಕಂಬದಂತೆ ಒಮ್ಮೆ ನಿಂತರೆ ಬದಲಾಗದ ವಸ್ತುವೆಂದು ತೋರುವುದು. 1935ರಲ್ಲಿ ಕೋಪನ್‌ಹೇಗನ್ನಿನಲ್ಲಿ ಹೆವೆಸಿ ಮತ್ತು ಚೀವಿಟ್ಸ್ ಎಂಬವರು ವಿಕಿರಣಶೀಲ ರಂಜಕವನ್ನು ಇಲಿಗಳಿಗೆ ಉಣಿಸಿ, ಅದು ಹೋದ ಜಾಡನ್ನು ಹಿಡಿದರು. ಎಲುಬು ಹೊಸ ರಂಜಕವನ್ನು ಸ್ವೀಕರಿಸುತ್ತ, ಹಳೆಯದನ್ನು ಬಿಟ್ಟುಕೊಡುತ್ತ ಇರುವುದೆಂದು ಕಂಡುಬಂದಿತು. ಎಲುಬು ಜಡವಲ್ಲ, ಸಜೀವವಾದುದು. ಇಂತಹ ಜಾಡು ಹಿಡಿಯುವ ವಿಧಾನಕ್ಕಾಗಿ ಹೆವೆಸಿಯವರಿಗೆ 1943ರ ನೊಬೆಲ್ ಪಾರಿತೋಷಕ ಸಂದಿತು.

ಈ ಕೊಡುಕೊಳ್ಳುವಿಕೆಯು ಮರಣದೊಡನೆ ನಿಲ್ಲುವುದು. ಜೀವಿಗಳೆಲ್ಲ ಆಹಾರ, ವಾಯುಗಳ ಮೂಲಕ ಇಂಗಾಲ-14 ಎಂಬ ಸಹಜ ವಿಕಿರಣವಸ್ತುವನ್ನು ಪಡೆಯುತ್ತಿರುವುವು. ಸತ್ತ ಮೇಲೆ ಹೊಸದು ಸೇರದು. ಇದ್ದುದು 5,730 ವರ್ಷಗಳಿಗೊಮ್ಮೆ ಅರ್ಧಕ್ಕೆ ಇಳಿಯುವುದು. ಉಳಿದುದನ್ನು ಅಳೆದು ವಯಸ್ಸನ್ನು ಹೇಳುವ ಕ್ರಮವನ್ನು ಅಮೆರಿಕದ ಲಿಬ್ಬಿಯವರು 1949ರ ವೇಳೆಗೆ ಸ್ಥಾಪಿಸಿದರು. ಬಿಸಿನಾಡಿನ ಮಣ್ಣಿನಲ್ಲಿ ಎಲುಬಿನ ಸಾರವು ಬೇಗ ಕರಗಿಹೋಗುವುದರಿಂದ ಇದ್ದಿಲೇ ಹೆಚ್ಚು ನಂಬತಕ್ಕ ಸಾಕ್ಷಿಯಾಯಿತು.

ಬೊಂಬಾಯಿಯ ಟಾಟಾ ಮೂಲವಿಜ್ಞಾನ ಸಂಸ್ಥೆಯಲ್ಲಿ ನರಸೀಪುರದ ಮಾದರಿಗಳನ್ನು ಅಳೆದಾಗ ಅವು ಕ್ರಿ.ಪೂ. ಎರಡನೆಯ ಸಹಸ್ರಮಾನಕ್ಕೆ ಸೇರಿದವೆಂದು ತಿಳಿಯಿತು. ಹಳ್ಳೂರು, ತೆಕ್ಕಲಕೋಟೆಗಳ ಗಣನೆಯೂ ಇದನ್ನೇ ಸಮರ್ಥಿಸಿತು. ವೀಲರರ ಊಹೆಗಿಂತ ಕನ್ನಡನಾಡಿನ ಬೇಸಾಯಗಾರರ, ಗೋಪಾಲಕರ ಚರಿತ್ರೆಯು ಹಲವು ಶತಮಾನಗಳಷ್ಟು ಹಿಂದಕ್ಕೆ ಸರಿಯಿತು.

ಅತ್ತ ವೈದ್ಯರು ಅದೇ ತತ್ತ್ವವನ್ನು ಬದುಕಿರುವವರಿಗೆ ಬಳಸಿದರು. 1971ರಲ್ಲಿ ಸುಬ್ರಮಣ್ಯಂ ಮತ್ತು ಮ್ಯಾಕಫಿ ಎಂಬ ವಿಜ್ಞಾನಿಗಳು ಟೆಕ್ನೀಷಿಯಂ-99ಎಂ ಎಂಬುದನ್ನು ರಂಜಕದ ಸಂಯುಕ್ತದೊಡನೆ ಕೂಡಿಸಿ ಎಲುಬಿಗೆ ಒಯ್ಯುವ ಬಗೆಯನ್ನು ಪ್ರಕಟಿಸಿದರು. ಅದರ ವಿಕಿರಣವು 6 ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುವುದು. ಎಲುಬು ಎಲ್ಲಿ ಹೆಚ್ಚಾಗಿ ಕಟ್ಟಿಕೊಳ್ಳುವುದೋ ಅಲ್ಲಿ ಈ ದ್ರವ್ಯವೂ ಸೇರುವುದರಿಂದ, ಎಕ್ಸ್‌ರೇಗೆ ಇನ್ನೂ ಕಾಣದ ಬಿರುಕೂ ಹರಡಿದ ಅರ್ಬುದವೂ ಎಷ್ಟೋ ವೇಳೆ ಮೊದಲೇ ಗೊತ್ತಾಗುವುವು.

ಸಂಗಮದ ಮಣ್ಣಿನಲ್ಲಿ ಮಲಗಿದವರ ಹೆಸರುಗಳು ಎಂದಿಗೂ ತಿಳಿಯಲಾರವು. ಆದರೂ ಅವರ ಕಾಲವು ತಿಳಿದಿದೆ. ಶಾಸನವಿಲ್ಲದ ಜನರಿಗೂ ಚರಿತ್ರೆಯಲ್ಲಿ ಅವರ ಸ್ಥಾನವು ದೊರೆತಿದೆ.