ಆಂಡ್ರೂ ಜಾನ್ಸನ್ನನ ಮೇಲಣ ಪಾನದೋಷಾರೋಪ

ರಾಜಕಾರಣಿಗಳ ಚರಿತ್ರೆಯನ್ನು ಬರೆಯುವವನಿಗೆ ಅವರ ವಿರೋಧಿಗಳ ಮಾತೂ ಒಂದು ಆಧಾರವೇ. ಆದರೆ ಅದನ್ನು ತೂಗಿ ನೋಡದೆ ಅಂಗೀಕರಿಸತಕ್ಕದ್ದಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಹದಿನೇಳನೆಯ ಅಧ್ಯಕ್ಷನಾದ ಆಂಡ್ರೂ ಜಾನ್ಸನ್ನನ (1808–1875) ವೃತ್ತಾಂತವು ಇದಕ್ಕೆ ನಿದರ್ಶನವಾಗಿದೆ.

ಈತನು ಕುಡುಕನೆಂಬ ಆರೋಪವು ಕೇವಲ ನಿರ್ಮೂಲವಲ್ಲ. 1865ನೆಯ ಮಾರ್ಚಿ 4ರಂದು ಉಪಾಧ್ಯಕ್ಷಪದವಿಯ ಪ್ರಮಾಣವಚನಕ್ಕಾಗಿ ಸೆನೆಟ್ ಸಭೆಗೆ ಬಂದಾಗ ಈತನು ಅಮಲಿನಲ್ಲಿದ್ದನು. ಜ್ವರದಿಂದ ಬಳಲಿದ್ದವನು ಬಲಕ್ಕೆಂದು ವಿಸ್ಕಿಯನ್ನು ಕುಡಿದಿದ್ದನು. ತನ್ನ ಬಡತನದ ಹುಟ್ಟನ್ನು ಕುರಿತು ಅಸಂಬದ್ಧವಾಗಿ ಮಾತನಾಡಿದನು; ನೌಕಾಸಚಿವನ ಹೆಸರು ನೆನಪಾಗದೆ ಪಕ್ಕದವರನ್ನು ಕೇಳಿದನು. ಸಭಿಕರು ನಾಚಿ ತಲೆ ತಗ್ಗಿಸಿದರು. ಆದರೂ ಅರ್ಥಸಚಿವ ಹ್ಯೂ ಮೆಕಲಕ್ಕನೊಡನೆ ಅಧ್ಯಕ್ಷ ಲಿಂಕನ್ನನು, ಅಂದು ನಡೆದುದು ಒಂದು ತಪ್ಪೇ ಹೊರತು ಜಾನ್ಸನ್ನನು ಕುಡುಕನಲ್ಲವೆಂದನು. ಮುಂದೆ ಜಾನ್ಸನ್ನನ ಸಚಿವನಾಗಿಯೂ ಇದ್ದ ಮೆಕಲಕ್ಕನು, ತಾನು ಅವನನ್ನು ಅಮಲಿನಲ್ಲಿ ಕಂಡುದಿಲ್ಲವೆಂದು ಬರೆದಿದ್ದಾನೆ. ಇದು ಮಿತ್ರನ ಸಾಕ್ಷ್ಯವೆಂಬುದನ್ನೂ ಮರೆಯಲಾಗದು. ಆದರೆ ನಿತ್ಯವೂ ಹತ್ತಿರದಲ್ಲಿದ್ದವನ ಸಾಕ್ಷ್ಯವೂ ಹೌದು.

ಆ ವರ್ಷದ ಏಪ್ರಿಲ್ 15ರಂದು ಲಿಂಕನ್ನನು ಹಂತಕನ ಗುಂಡಿಗೆ ಬಲಿಯಾಗಲು, ಜಾನ್ಸನ್ನನು ಅಧ್ಯಕ್ಷನಾದನು. ದಾಸ್ಯದಿಂದ ಬಿಡುಗಡೆ ಹೊಂದಿದ ಕಪ್ಪುಜನರಿಗೆ ಯಾವ ಹಕ್ಕುಗಳಿರಬೇಕೆಂಬ ವಿಷಯದಲ್ಲಿ ಅವನಿಗೂ ಕಾಂಗ್ರೆಸ್ಸಿಗೂ ವಿರೋಧವು ಬೆಳೆಯಿತು. 1866ರಲ್ಲಿ ನಾಗರಿಕ ಹಕ್ಕುಗಳ ಮಸೂದೆಯನ್ನು ಅವನು ತಿರಸ್ಕರಿಸಿದನು. ಕಾಂಗ್ರೆಸ್ಸು ಅದನ್ನು ಮತ್ತೆ ಅಂಗೀಕರಿಸಿ ಶಾಸನವಾಗಿಸಿತು. ಅದೇ ವರ್ಷದ ಚುನಾವಣಾ ಪ್ರವಾಸದಲ್ಲಿ, ಕ್ಲೀವ್‌ಲೆಂಡ್, ಸೇಂಟ್ ಲೂಯಿಸ್ ಮೊದಲಾದ ನಗರಗಳಲ್ಲಿ ಅವನು ಸಭಿಕರೊಡನೆ ಜಗಳಕ್ಕೆ ನಿಂತಾಗ, ವಿರೋಧಿಗಳು ಮತ್ತೆ ಪಾನದ ಮಾತನ್ನೆತ್ತಿದರು. ಮಾರ್ಚಿಯ ಆ ಒಂದು ದಿನವನ್ನು ಬಲ್ಲ ಜನರಿಗೆ ಬೇರೆ ಸಾಕ್ಷ್ಯವೇ ಬೇಕಾಗಲಿಲ್ಲ.

1868ರ ಮಹಾಭಿಯೋಗದಲ್ಲಿ ಪ್ರತಿನಿಧಿಸಭೆಯು ಹನ್ನೊಂದು ಆರೋಪಗಳನ್ನು ಹೊರಿಸಿತು. ಮುಖ್ಯವಾದುದು ಯುದ್ಧಸಚಿವ ಸ್ಟ್ಯಾಂಟನ್ನನ ಪದಚ್ಯುತಿ. ಹತ್ತನೆಯದು 1866ರ ಭಾಷಣಗಳ ಉದ್ಧಟತನವನ್ನು ಖಂಡಿಸುವುದು; ಅದರಲ್ಲಿಯೂ ಅಮಲಿನ ಆರೋಪವಿಲ್ಲ. ಬೀದಿಯಲ್ಲಿ ಸಲ್ಲಿದ ಮಾತನ್ನು ಪ್ರಮಾಣವನ್ನು ಕೇಳುವ ಸಭೆಯ ಮುಂದೆ ಆತನ ಕಡುವೈರಿಗಳೂ ತರಲಿಲ್ಲವೆಂಬುದು ಗಮನಾರ್ಹ. ಸೆನೆಟ್ಟಿನಲ್ಲಿ 35 ಮತಗಳು ಅವನಿಗೆ ವಿರೋಧವಾಗಿಯೂ 19 ಪರವಾಗಿಯೂ ಬಿದ್ದು, ಒಂದು ಮತದ ಕೊರತೆಯಿಂದ ಅವನು ಉಳಿದುಕೊಂಡನು.

ಇಷ್ಟರಿಂದ ಜಾನ್ಸನ್ನನು ನಿರ್ದೋಷಿಯೆಂದು ಹೇಳಿದಂತಾಗಲಿಲ್ಲ. ಅವನು ಕುಡುಕನೆಂಬ ಪಕ್ಷದಲ್ಲಿ ಅವನ ನೀತಿಯನ್ನು ಅಮಲಿನ ಮೇಲೆ ಹೊರಿಸಿಬಿಡಬಹುದು. ಸ್ವಸ್ಥಚಿತ್ತನಾಗಿದ್ದನೆಂದರೆ, ಬಿಡುಗಡೆಗೊಂಡವರ ಹಕ್ಕುಗಳನ್ನು ಅವನು ತಿಳಿದೇ ನಿರಾಕರಿಸಿದನೆಂದಾಗುವುದು. ವೈರಿಗಳು ಹೊರಿಸಿದ ಅಪವಾದಕ್ಕಿಂತ, ಅದನ್ನು ತೊಡೆದ ಮೇಲೆ ಉಳಿಯುವ ಹೊಣೆಯೇ ಭಾರವಾದುದು.