ಚಿಕ್ಕಮೇಳ: ಎರಡೇ ವೇಷ, ಆಯ್ಕೆ ಹೇಗೆ?

ಪತ್ತನಾಜೆಗೆ, ಅಂದರೆ ಮೇ 24ರ ಸುಮಾರಿಗೆ, ತಿರುಗಾಟ ಮುಗಿಸುವ ಯಕ್ಷಗಾನ ಕಲಾವಿದರಲ್ಲಿ ಹಲವರಿಗೆ ಮಳೆಗಾಲದ ಆಸರೆ ಚಿಕ್ಕಮೇಳ. ಉಡುಪಿ, ಕಾಪು, ಕಾರ್ಕಳ ಪರಿಸರದಲ್ಲಿ ಮುಸ್ಸಂಜೆ ಮನೆಮನೆಗೆ ತೆರಳುವ ಈ ತಂಡದಲ್ಲಿ ಭಾಗವತರು, ಚೆಂಡೆ-ಮದ್ದಳೆಯವರ ಜತೆ ವೇಷಧಾರಿಗಳು ಸಾಮಾನ್ಯವಾಗಿ ಇಬ್ಬರೇ. ಹೀಗಾಗಿ ವೇಷದ ಆಯ್ಕೆಯೇ ಪ್ರಸಂಗವನ್ನು ನಿರ್ಧರಿಸುತ್ತದೆ.

ಒಂದು ಪುರುಷವೇಷ, ಒಂದು ಸ್ತ್ರೀವೇಷ ರೂಢಿ. ಚಿಟ್ಟಿ ಇಡಲು ಗಂಟೆಗಳೇ ಬೇಕಾದ ರಾಕ್ಷಸ ಪಾತ್ರಗಳ ಬಣ್ಣದ ವೇಷ ಇಲ್ಲಿಗೆ ಹೊಂದದು. ಚಾವಡಿಯ ಮಾಡೂ ಅದರ ಕಿರೀಟಕ್ಕೆ ತಗ್ಗೇ! ಇಬ್ಬರೂ ಪುಂಡುವೇಷದವರಾದರೆ ಕುಣಿತವುಂಟು, ಭಾವವೈವಿಧ್ಯ ಕಡಿಮೆ. ಸುಧನ್ವ-ಪ್ರಭಾವತಿ ಸನ್ನಿವೇಶದಲ್ಲಾದರೋ ಯುದ್ಧಕ್ಕೆ ಹೊರಟ ಪತಿಯನ್ನು ಸತಿ ತಡೆಯುತ್ತಾಳೆ. ವೀರ, ಶೃಂಗಾರ, ಕರುಣ ಮೂರೂ ಕೆಲವೇ ನಿಮಿಷಗಳಲ್ಲಿ ಒದಗುತ್ತವೆ. ಮೂರನೆಯವರು ದೊರೆತರೆ ಹಾಸ್ಯಗಾರರೇ ಇರಲಿ. ಚೆಂಡೆಯವರು ಬಾರದ ದಿನ ಸುಧನ್ವನನ್ನು ಬಿಟ್ಟು ಕೃಷ್ಣ-ಸತ್ಯಭಾಮೆಯರ ಸರಸಸಂವಾದವನ್ನು ಆಯ್ದುಕೊಳ್ಳುವುದು ಲೇಸು. ಅದಕ್ಕೆ ಮದ್ದಳೆಯೊಂದೇ ಸಾಕು.