ಗಂಡನ ಹೃದಯ ಕಾಯ್ದವಳ ಹೃದಯ

1964ರಲ್ಲಿ ಅಮೆರಿಕದ ಆರೆಗನ್ ರಾಜ್ಯದ ಪೋರ್ಟ್‌ಲೆಂಡ್ ನಗರದಲ್ಲಿ ಹೃದ್ರೋಗವನ್ನು ಕುರಿತು ಮಹಿಳೆಯರಿಗಾಗಿಯೇ ಒಂದು ಸಮ್ಮೇಳನ ನಡೆಯಿತು. ಅದರ ಹೆಸರು 'ಹಾರ್ಟ್ಸ್ ಅಂಡ್ ಹಸ್ಬೆಂಡ್ಸ್', ಎಂದರೆ 'ಹೃದಯಗಳು ಮತ್ತು ಗಂಡಂದಿರು'. ಗಂಡನ ಹೃದಯವನ್ನು ಹೆಂಡತಿ ಕಾಪಾಡಿಕೊಳ್ಳುವುದು ಹೇಗೆ ಎಂಬುದೇ ಅಲ್ಲಿನ ವಿಷಯ. ಕೇಳಲು ಬಂದವಳಿಗೂ ಒಂದು ಹೃದಯವಿದೆ, ಅದೂ ಕಾಯಿಲೆ ಬೀಳಬಹುದು ಎಂಬ ವಿಚಾರ ಆ ಸಭೆಯ ಉದ್ದೇಶದಲ್ಲಿರಲಿಲ್ಲ.

ಇದನ್ನು ಕೇವಲ ತಾತ್ಸಾರವೆಂದು ನಾವು ತಳ್ಳಿಹಾಕುವಂತಿಲ್ಲ. ಹೃದಯಾಘಾತ ಗಂಡಸರನ್ನು ನಡುವಯಸ್ಸಿನಲ್ಲೇ ಕೆಡವುತ್ತಿತ್ತು. ಹೆಂಗಸರಲ್ಲಿ ಅದು ಸುಮಾರು ಹತ್ತು ವರ್ಷ ತಡವಾಗಿ ಕಾಣಿಸಿಕೊಳ್ಳುತ್ತಿತ್ತು. 1948ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ ಆರಂಭವಾದ ಪ್ರಸಿದ್ಧ ಅಧ್ಯಯನಕ್ಕೆ ಸೇರಿದ 5,209 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸ್ತ್ರೀಯರೇ. ಆದರೆ ಮೊದಲ ವರ್ಷಗಳ ಫಲಿತಾಂಶದಲ್ಲಿ, ಎದೆನೋವು ಬಂದ ಹೆಂಗಸರ ಪೈಕಿ ಹೃದಯಾಘಾತಕ್ಕೆ ಗುರಿಯಾದವರು ಕಡಿಮೆ ಎಂದು ಕಂಡಿತು. ಹೀಗಾಗಿ ಹೆಣ್ಣಿನ ಎದೆನೋವು ಅಷ್ಟೇನೂ ಅಪಾಯಕಾರಿಯಲ್ಲ ಎಂಬ ನಂಬಿಕೆ ವೈದ್ಯರಲ್ಲಿ ಬೇರೂರಿತು.

ನಂಬಿಕೆ ಮುಂದಿನ ಸಂಶೋಧನೆಗಳ ದಾರಿಯನ್ನೂ ನಿರ್ಧರಿಸಿತು. ಹೃದ್ರೋಗದ ಅಪಾಯಗಳನ್ನು ತಗ್ಗಿಸುವ ಬಗ್ಗೆ 1982ರಲ್ಲಿ ವರದಿಯಾದ ದೊಡ್ಡ ಪ್ರಯೋಗದಲ್ಲಿ 12,866 ಮಂದಿ ಇದ್ದರು, ಎಲ್ಲರೂ ಗಂಡಸರು. ಆಸ್ಪಿರಿನ್ ಮಾತ್ರೆಯ ಪ್ರಯೋಜನವನ್ನು ಪರೀಕ್ಷಿಸಿದ ಇನ್ನೊಂದು ಪ್ರಯೋಗದಲ್ಲಿ 22,071 ವೈದ್ಯರಿದ್ದರು, ಅವರೂ ಗಂಡಸರೇ. ಗಂಡಿನ ದೇಹದ ಮೇಲೆ ಅಳೆದ ಲೆಕ್ಕವನ್ನೇ ಹೆಣ್ಣಿಗೂ ಅನ್ವಯಿಸುವುದು ರೂಢಿಯಾಯಿತು.

ಈ ಮೌನವನ್ನು ಮುರಿದವರಲ್ಲಿ ಮುಖ್ಯರು ಹೃದ್ರೋಗತಜ್ಞೆ ಬರ್ನಡೀನ್ ಹೀಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಮೊದಲ ಮಹಿಳಾ ನಿರ್ದೇಶಕಿಯಾದ ಅವರು 1991ರಲ್ಲಿ 'ಯೆಂಟ್ಲ್ ಸಿಂಡ್ರೋಮ್' ಎಂಬ ಸಂಪಾದಕೀಯ ಬರೆದರು. ಐಸಾಕ್ ಬಾಷೆವಿಸ್ ಸಿಂಗರ್ ಅವರ ಕಥೆಯ ಯೆಂಟ್ಲ್, ಧರ್ಮಗ್ರಂಥ ಓದುವ ಆಸೆಯಿಂದ ಗಂಡುವೇಷ ಹಾಕಿದ ಹುಡುಗಿ. ಹೃದ್ರೋಗಿ ಹೆಣ್ಣಿನ ಪಾಡೂ ಅದೇ ಎಂಬುದು ಹೀಲಿಯವರ ವಾದ: ಗಂಡಸಿನಷ್ಟೇ ತೀವ್ರವಾಗಿ ಕಾಯಿಲೆಯಿದೆಯೆಂದು ಸಾಬೀತಾದ ಮೇಲಷ್ಟೇ ಅವಳಿಗೆ ಗಂಡಸಿನ ಚಿಕಿತ್ಸೆ. 1993ರಲ್ಲಿ, ಸರ್ಕಾರದ ಹಣದಿಂದ ನಡೆಯುವ ವೈದ್ಯಕೀಯ ಪ್ರಯೋಗಗಳಲ್ಲಿ ಸ್ತ್ರೀಯರನ್ನೂ ಸೇರಿಸಿಕೊಳ್ಳಬೇಕೆಂಬ ಕಾನೂನು ಅಮೆರಿಕದಲ್ಲಿ ಬಂತು.

ಜನರ ತಿಳಿವಳಿಕೆಯನ್ನು ತಿದ್ದುವುದು ಕಾನೂನಿಗಿಂತ ಕಷ್ಟದ ಕೆಲಸ. ಸ್ತ್ರೀಯರ ಸಾವಿಗೆ ಅತಿ ದೊಡ್ಡ ಕಾರಣ ಹೃದ್ರೋಗವೆಂದು 1997ರಲ್ಲಿ ಬಲ್ಲ ಅಮೆರಿಕದ ಮಹಿಳೆಯರು ಶೇಕಡ 30 ಮಾತ್ರ. 2002ರ ಹೊತ್ತಿಗೆ ಕೆಂಪು ಉಡುಪನ್ನು ಲಾಂಛನವಾಗಿಸಿಕೊಂಡ ಪ್ರಚಾರ ಆರಂಭವಾಯಿತು, ಅರಿವು ಏರಿತು. ಆದರೆ 2019ರ ಸಮೀಕ್ಷೆಯಲ್ಲಿ, ಹತ್ತು ವರ್ಷದ ಹಿಂದೆ ಶೇಕಡ 65 ಇದ್ದ ಅರಿವು ಶೇಕಡ 44ಕ್ಕೆ ಇಳಿದಿತ್ತು. ಒಮ್ಮೆ ಗಳಿಸಿದ ಅರಿವು ತಾನಾಗಿ ಉಳಿಯುವುದಿಲ್ಲ ಎಂಬುದು ನಾವು ಕಲಿಯಬೇಕಾದ ಪಾಠ.

ಪೋರ್ಟ್‌ಲೆಂಡಿನ ಆ ಸಭೆ ನಮ್ಮ ಮನೆಗಳಲ್ಲಿ ಇನ್ನೂ ಮುಗಿದಿಲ್ಲ. ಊರು ಬಿಟ್ಟು ಬಂದು ಮುಂಬಯಿ, ದೆಹಲಿಗಳಲ್ಲಿ ಸಂಸಾರ ಹೂಡಿರುವ ನಮ್ಮಲ್ಲಿ, ಗಂಡನ ಬಿ.ಪಿ. ಮಾತ್ರೆಯ ಹೊತ್ತನ್ನು ನೆನಪಿಡುವವಳು ಹೆಂಡತಿ. ತನಗೇ ಎದೆ ಹಿಡಿದರೆ "ಗ್ಯಾಸ್ ಇರಬೇಕು" ಎಂದು ಓಮದ ನೀರು ಕುಡಿದು ಮತ್ತೆ ಒಲೆಯ ಮುಂದೆ ನಿಲ್ಲುತ್ತಾಳೆ. ಹೃದಯಾಘಾತವಾದಾಗ ಹೆಂಗಸರಿಗೂ ಸಾಮಾನ್ಯವಾಗಿ ಬರುವುದು ಎದೆನೋವೇ. ಅದರೊಂದಿಗೆ, ಕೆಲವೊಮ್ಮೆ ಅದಿಲ್ಲದೆಯೂ, ಏದುಸಿರು, ಬೆನ್ನು ಅಥವಾ ದವಡೆಯ ನೋವು, ವಾಕರಿಕೆ, ಕಾರಣವಿಲ್ಲದ ದಣಿವು ಕಾಣಿಸಬಹುದು. ಆಗ ಓಮದ ನೀರನ್ನು ನೆಚ್ಚಿ ಕೂರದೆ ತಡಮಾಡದೆ ಆಸ್ಪತ್ರೆ ಸೇರಬೇಕು.

ಮುಂದಿನ ಸಲ ವೈದ್ಯರಲ್ಲಿಗೆ ನಾವು ದಂಪತಿಗಳಾಗಿ ಹೋದಾಗ, ಗಂಡನ ರಿಪೋರ್ಟುಗಳ ಕಡತ ಹಿಡಿದು ಪಕ್ಕದಲ್ಲಿ ಕುಳಿತವಳ ತೋಳಿಗೂ ಬಿ.ಪಿ. ಪಟ್ಟಿ ಸುತ್ತಿಸೋಣ.